ಮಕ್ಕಳ ಹೆಗಲಿಗೆ ಎಷ್ಟು ಗ್ರಾಂ?

ಊರಿನವರ ಮೇಲೆ ನನ್ನದೊಂದು ತಕರಾರಿದೆ. ಮೂವತ್ತು ವರ್ಷದಿಂದ ದೆಹಲಿಯಲ್ಲಿ ಕೂತವನು ಊರಿನ ಮೇಲೆ ತಕರಾರು ತೆಗೆಯೋದು ಬಹಳ ಸುಲಭ ಅಂತ ನೀವು ಹೇಳುತ್ತೀರಿ, ಅದು ನಿಜ ಕೂಡ. ರಸ್ತೆ ಸರಿಯಿಲ್ಲ, ಕರೆಂಟು ನಿಲ್ಲುವುದಿಲ್ಲ, ಎಲ್ಲಿ ನೋಡಿದರೂ ಹೋಂಸ್ಟೇ ಆಯಿತು ಅಂತ ರಜಕ್ಕೆ ಬಂದವರೆಲ್ಲ ಗೊಣಗುವ ಸಾಲಿಗೆ ಇದನ್ನು ಸೇರಿಸಬೇಡಿ. ನನ್ನದು ಒಂದು ತೋಟಾದ ತೂಕದ ತಕರಾರು. ತೋಟಾ ಅಂದರೆ ಕಾಫಿ ತೋಟ ಅಲ್ಲ, ಕೋವಿಗೆ ಹಾಕುವ ತೋಟಾ.

ನಮ್ಮದು ಕೊಡಗಿನಲ್ಲಿ ಜಮ್ಮಾ ಹಿಡುವಳಿಯ ಮನೆ. ಕೊಡಗಿನ ಹೊರಗಿನ ಓದುಗರಿಗೆ ಎರಡು ಮಾತು. ಸೆಪ್ಟೆಂಬರ್ 3ರ ಸುಮಾರಿಗೆ ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ಮನೆಯ ಕೋವಿ, ಕತ್ತಿಗಳನ್ನೆಲ್ಲ ಒರೆಸಿ, ನೆಲ್ಲಕ್ಕಿಯಲ್ಲೋ ದೇವರ ಕೋಣೆಯಲ್ಲೋ ಸಾಲಾಗಿ ಇಟ್ಟು, ಕೋವಿಯ ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಹಂದಿ ಮಾಂಸ, ಕಡಂಬುಟ್ಟು. ಊಟ ಅರಗಿದ ಮೇಲೆ ಮೈದಾನದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನುಷ್ಯ ಸತ್ತರೆ ಎರಡು ಈಡು ಹಾರಿಸುವ ಪದ್ಧತಿಯ ನಾಡು ನಮ್ಮದು. ಕೋವಿ ನಮಗೆ ಮನೆಯ ಹಿರಿಯನಿದ್ದ ಹಾಗೆ. ಇದಕ್ಕೆ ನಾನೂ ತಲೆಬಾಗುವವನೇ.

2022ರ ಹಬ್ಬಕ್ಕೆ ನಾನು ಮಗಳ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಆಗ ಅವಳಿಗೆ ಹನ್ನೊಂದು. ಹುಟ್ಟಿ ಬೆಳೆದದ್ದೆಲ್ಲ ದೆಹಲಿ. ಕನ್ನಡ ಅರ್ಥ ಆಗುತ್ತದೆ, ಮಾತಾಡುವಾಗ ಹಿಂದಿ ನುಗ್ಗುತ್ತದೆ. ಮೂರು ದಿನ ಅವಳು ಬಹಳ ಖುಷಿಯಾಗಿದ್ದಳು. ಜಿಗಣೆ ಕಚ್ಚಿಸಿಕೊಂಡಳು, ದನಕ್ಕೆ ಹುಲ್ಲು ಹಾಕಿದಳು, ಕೋವಿ ಒರೆಸುವಾಗ ಎಣ್ಣೆ ಬಟ್ಟೆ ಹಿಡಿದುಕೊಂಡು ನನ್ನ ಅಣ್ಣನ ಪಕ್ಕದಲ್ಲಿ ಕೂತಳು. ನಾಲ್ಕನೆಯ ದಿನ ಮೈದಾನಕ್ಕೆ ಹೋದೆವು. 'ದೆಹಲಿಯವಳು ಒಂದು ಈಡು ಹೊಡೀಲಿ ನೋಡುವಾ' ಅಂತ ಯಾರೋ ಎಂದರು. ಅಣ್ಣನ ಮಗ ಒಂಟಿ ನಳಿಗೆಯ ಹನ್ನೆರಡು ಬೋರಿನ ಕೋವಿ ತಂದುಕೊಟ್ಟ. 'ಇದು ಹಗುರ ಉಂಟು, ಮಕ್ಕಳಿಗೆ ಇದೇ ಒಳ್ಳೇದು' ಅಂದ. ತೋಟಾ ಅಲಮಾರಿಯ ಡಬ್ಬದಿಂದ ತೆಗೆದದ್ದು. ಎಷ್ಟು ಹಳೆಯದೋ, ಎಷ್ಟು ಭಾರದ್ದೋ ಯಾರೂ ನೋಡಲಿಲ್ಲ. ಕಿವಿಗೆ ಹತ್ತಿಯೂ ಇಲ್ಲ.

ಕೋವಿ ಆರಡಿ ಗಂಡಸಿನ ಅಳತೆಗೆ ಮಾಡಿದ್ದು. ಅವಳ ಕೈ ಟ್ರಿಗರಿಗೆ ಎಟುಕಬೇಕಾದರೆ ಹಿಂಬದಿಯ ಮರ ಹೆಗಲಿನ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಬಂತು. ಮುಂದಿನ ಭಾರ ತಡೆಯಲಾರದೆ ಮಗು ಹಿಂದಕ್ಕೆ ವಾಲಿ ನಿಂತಿತು. ಕೆನ್ನೆ ಮರಕ್ಕೆ ತಾಗಿರಲಿಲ್ಲ, ಎರಡು ಬೆರಳು ಮೇಲಿತ್ತು. ಇದನ್ನೆಲ್ಲ ನಾನು ನೋಡುತ್ತಾ ನಿಂತಿದ್ದೆ. 'ಹೊಡಿ ಹೊಡಿ' ಅಂದರು, ಹೊಡೆದಳು. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ತೆಂಗಿನಕಾಯಿ ಹಾಗೇ ಇತ್ತು. ಮೈದಾನದ ತುಂಬ ನಗು. 'ದೆಹಲಿ ಬೆಣ್ಣೆ' ಅಂತ ಯಾರೋ ಕೂಗಿದರು. ಇನ್ಯಾರೋ ಮೊಬೈಲಿನಲ್ಲಿ ತೆಗೆದದ್ದು ಸಂಜೆಯೊಳಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು, ನಗುವ ಮುಖಗಳ ಸಾಲು ಅದರ ಕೆಳಗೆ.

ಅವಳು ಅಳಲಿಲ್ಲ. ಕೆನ್ನೆಯ ಮೂಳೆ ಊದಿತ್ತು. ರಾತ್ರಿ ತೋಳಿಗೆ ಎಣ್ಣೆ ಹಚ್ಚುವಾಗ ನೋಡಿದರೆ ನೇರಳೆ ಹಣ್ಣಿನ ಬಣ್ಣ. ಆಗ ಕೇಳಿದಳು, 'ಅಜ್ಜ, ಹೀಗಾಗುತ್ತೆ ಅಂತ ಅವರಿಗೆಲ್ಲ ಮೊದಲೇ ಗೊತ್ತಿತ್ತಾ?'

ಗೊತ್ತಿತ್ತು. ನನಗೂ ಗೊತ್ತಿತ್ತು. ಕೈ ಕಟ್ಟಿಕೊಂಡು ನಿಂತಿದ್ದು ಯಾಕೆ ಅಂದರೆ, ಬಾಯಿ ಬಿಟ್ಟರೆ 'ಇವನೂ ದೆಹಲಿಯವನಾದ' ಅಂತಾರೆ ಅನ್ನುವ ಹೆದರಿಕೆ. ಅರವತ್ತು ದಾಟಿದ ಗಂಡಸಿಗೆ ಆ ಹೆದರಿಕೆ, ಹನ್ನೊಂದರ ಮಗುವಿಗೆ ಆ ಏಟು. ಈ ಬರಹ ಆ ಲೆಕ್ಕದ ಬಾಕಿ ತೀರಿಸುವುದಕ್ಕೆ.

'ನಾವೆಲ್ಲ ಹೀಗೇ ಕಲಿತದ್ದಲ್ಲವಾ, ನಮಗೇನಾಯ್ತು?' ಇದು ಊರಿನವರ ಮೊದಲ ಉತ್ತರ. ಅಣ್ಣನೂ ಇದನ್ನೇ ಹೇಳಿದ. ನಮಗೇನಾಯ್ತು ಅಂತ ನಾನು ಹೇಳುತ್ತೇನೆ ಕೇಳಿ.

1970ರಲ್ಲಿ ನನಗೂ ಹನ್ನೊಂದೇ. ಅಪ್ಪ ಇದೇ ಕೋವಿ ಕೊಟ್ಟರು, ಇದೇ ರೀತಿ ಕೂತೆ, ಇದೇ ನಗು. ಆಮೇಲೆ ನಾನು ಕಲಿತೆ, ಚೆನ್ನಾಗಿಯೇ ಹೊಡೆಯುತ್ತೇನೆ ಅಂತ ನಂಬಿಕೊಂಡೂ ಇದ್ದೆ. ಗುರಿ ತಪ್ಪಿದರೆ ಗಾಳಿ, ಬಿಸಿಲು, ತೋಟಾ ಹಳತು ಅಂತ ಕಾರಣ ಇರುತ್ತಿತ್ತು. 1998ರಲ್ಲಿ ನಾನು ಉತ್ತರಪ್ರದೇಶದ ಒಂದು ಸಣ್ಣ ಊರಿನ ಶಾಖೆಯಲ್ಲಿ ಮ್ಯಾನೇಜರು. ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆಯ ಕೋವಿ ಹಿಡಿದು ನಿಲ್ಲುವ ಗಾರ್ಡನ್ನು ನೀವೆಲ್ಲ ನೋಡಿದ್ದೀರಿ. ಅದೂ ಹನ್ನೆರಡು ಬೋರಿನದೇ. ನಮ್ಮ ಶಾಖೆಯಲ್ಲಿ ಅದರ ಲೈಸೆನ್ಸು ಮ್ಯಾನೇಜರ ಹೆಸರಿನಲ್ಲಿತ್ತು. ಅಲ್ಲಿದ್ದವರು ಫೌಜಿನಿಂದ ನಿವೃತ್ತರಾದ ಹವಾಲ್ದಾರರು. ವರ್ಷಕ್ಕೊಮ್ಮೆ ಗಾರ್ಡುಗಳ ಗುರಿ ಅಭ್ಯಾಸಕ್ಕೆ ಹೋದಾಗ ನಾನೂ ಜೊತೆಗೆ ಹೋದೆ. ಕೊಡಗಿನವನಲ್ಲವಾ, ಕೈ ತುರಿಸಿತು. ನಾಲ್ಕು ಹೊಡೆದೆ, ಎರಡು ಬಿತ್ತು. ಹವಾಲ್ದಾರರು ಏನೂ ಅನ್ನಲಿಲ್ಲ. ಐದನೆಯದನ್ನು ತಾವೇ ತುಂಬಿಸಿ ಕೊಟ್ಟರು. ಟ್ರಿಗರ್ ಒತ್ತಿದೆ. ಟಕ್ ಅಂದಿತು ಅಷ್ಟೆ, ಅವರು ಹಾಕಿದ್ದು ಹೊಡೆದು ಖಾಲಿಯಾದ ತೋಟಾ. ಆದರೆ ಕೋವಿಯ ಮೂತಿ ಒಂದು ಗೇಣು ಕೆಳಕ್ಕೆ ಹೋಗಿತ್ತು, ನನ್ನ ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿದ್ದವು. 'ಸಾಬ್, ಆಪ್ ಆಂಖ್ ಬಂದ್ ಕರ್ ಲೇತೇ ಹೈಂ' ಅಂದರು, ಬಹಳ ಮೆತ್ತಗೆ, ಉಳಿದವರಿಗೆ ಕೇಳಿಸದ ಹಾಗೆ.

ಏನೂ ಸಿಡಿಯದೆ ಇದ್ದಾಗಲೂ ನನ್ನ ಮೈ ಏಟಿಗೆ ಕಾದು ಬೆಚ್ಚಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಒದ್ದ ಕೋವಿ ಅಂದಿಗೂ ಒದೆಯುತ್ತಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಕೋವಿ ಹಾರಿಸಿದವನು ನಾನು. ಯಾರಿಗೆ ತಗುಲಿದ್ದರೆ? ಕೊಡಗಿನ ಕಾಡಂಚಿನಲ್ಲಿ ಕೋವಿ ಹಿಡಿದು ಕಣ್ಣು ಮುಚ್ಚುವವನಿಗಿಂತ ಅಪಾಯದ ಪ್ರಾಣಿ ಇನ್ನೊಂದಿಲ್ಲ. ಊರಿನಲ್ಲಿ ನನ್ನಂಥವರು ಎಷ್ಟು ಜನ ಇದ್ದಾರೋ, ಯಾರೂ ಹೇಳಿಕೊಳ್ಳುವುದಿಲ್ಲ. ಖಾಲಿ ತೋಟಾ ಒಂದನ್ನು ನಡುವೆ ಸೇರಿಸಿ ನೋಡಿ, ಕೈಲ್‌ಪೊಳ್ದಿನ ಎಷ್ಟು ಶೂರರ ಕೋವಿಯ ಮೂತಿ ನೆಲ ನೋಡುತ್ತದೆ ಅಂತ ಗೊತ್ತಾಗುತ್ತದೆ.

ಇನ್ನು ಲೆಕ್ಕ. ಎಂ.ಕಾಂ. ಓದಿ ಜೀವಮಾನವೆಲ್ಲ ಜಮಾ ಖರ್ಚು ಬರೆದವನಿಗೆ ಕೋವಿಯ ಲೆಕ್ಕ ಕಷ್ಟವೇನಲ್ಲ. ಮುಂದಕ್ಕೆ ಹೋದದ್ದೆಲ್ಲ ಹಿಂದಕ್ಕೂ ಬರೆದಾಗುತ್ತದೆ. ಚರೆಯ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಎಷ್ಟೋ, ಕೋವಿಯ ತೂಕವನ್ನು ಅದು ಹಿಂದಕ್ಕೆ ಬರುವ ವೇಗದಿಂದ ಗುಣಿಸಿದರೂ ಅಷ್ಟೇ. ಇದರ ಮೇಲೆ ಮದ್ದಿನ ಹೊಗೆ, ತೋಟಾದೊಳಗಿನ ಬಿರಡೆಯ ತೂಕ ಬೇರೆ. ಹಾಗಾದರೆ ಹೆಗಲಿನ ಮೇಲೆ ಬೀಳುವುದನ್ನು ಕಡಿಮೆ ಮಾಡಲು ಮೂರೇ ದಾರಿ: ಚರೆ ಕಡಿಮೆ ಮಾಡು, ವೇಗ ಕಡಿಮೆ ಮಾಡು, ಕೋವಿಯನ್ನು ಭಾರ ಮಾಡು.

ಮೂರನೆಯದರಲ್ಲೇ ನಮ್ಮವರು ಎಡವುವುದು. ಮಗು ಸಣ್ಣದು, ಅದಕ್ಕೆ ಹಗುರವಾದ ಕೋವಿ ಕೊಡು ಅನ್ನುತ್ತಾರೆ. ಕೇಳಿದರೆ ನ್ಯಾಯ ಅನಿಸುತ್ತದೆ, ಆದರೆ ಪೂರ್ತಿ ಉಲ್ಟಾ. ಅದೇ ತೋಟಾವನ್ನು ಹಗುರ ಕೋವಿಯಲ್ಲಿ ಹಾರಿಸಿದರೆ ಒದೆತ ಜಾಸ್ತಿ. ಒಂದು ಪಕ್ಕದಲ್ಲಿ ಎರಡೂ ಮುಕ್ಕಾಲು ಕಿಲೋದ ಒಂಟಿ ನಳಿಗೆ, ಅದರಲ್ಲಿ ಮಾಮೂಲಿ 32 ಗ್ರಾಂ ಚರೆಯ ತೋಟಾ. ಇನ್ನೊಂದು ಪಕ್ಕದಲ್ಲಿ ಮೂರೂವರೆ ಕಿಲೋದ ಕೋವಿ, ಅದರಲ್ಲಿ 21 ಗ್ರಾಂನ ಮೆತ್ತನೆಯ ತೋಟಾ, ವೇಗವೂ ಸ್ವಲ್ಪ ಕಡಿಮೆ. ಎರಡರ ಶಕ್ತಿ ಲೆಕ್ಕ ಹಾಕಿದರೆ ಮೊದಲನೆಯದು ಹೆಗಲಿಗೆ ಕೊಡುವ ಏಟು ಎರಡನೆಯದರ ಸುಮಾರು ಮೂರು ಪಟ್ಟು. ಮೂವತ್ತು ಕಿಲೋ ತೂಗುವ ಮಗುವಿಗೆ ನಾವು ಕೊಟ್ಟದ್ದು ಆ ಮೂರು ಪಟ್ಟಿನದು. ಕೊಟ್ಟ ಮೇಲೆ ಬೆಣ್ಣೆ ಅಂದೆವು.

ಕೆಲವರು ನಾಲ್ಕು ನೂರಾ ಹತ್ತರ ಸಣ್ಣ ಕೋವಿ ತಂದುಕೊಡುತ್ತಾರೆ. ಒದೆತ ಕಡಿಮೆ ಹೌದು. ಆದರೆ ಅದರ ತೋಟಾದಲ್ಲಿ ಚರೆ ಬಹಳ ಕಡಿಮೆ, ಹರಡುವುದೂ ಸಾಲದು. ಪಳಗಿದವರಿಗೇ ಅದರಲ್ಲಿ ಹಾರುವ ಗುರಿ ಸಿಗುವುದು ಕಷ್ಟ. ಮಗು ಹತ್ತು ಸಲ ಹೊಡೆದು ಹತ್ತು ಸಲವೂ ತಪ್ಪಿದರೆ ಹನ್ನೊಂದನೆಯ ಸಲ ಕೇಳುವುದಿಲ್ಲ. ಇಪ್ಪತ್ತು ಬೋರಿನ ಕೋವಿ ಪರವಾಗಿಲ್ಲ ಅಂತಾರೆ. ಅದೂ ಹಗುರವಾಗಿದ್ದು ತೋಟಾ ಭಾರವಾಗಿದ್ದರೆ ಅದೇ ಕತೆ. ಅಂದ ಹಾಗೆ ಈ ಬೋರಿನ ಲೆಕ್ಕ ಊರಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ ಹನ್ನೆರಡು ಬೋರು, ಸುಮಾರು ಹದಿನೆಂಟೂವರೆ ಮಿಲಿಮೀಟರು. ಇಪ್ಪತ್ತು ಗುಂಡು ಮಾಡಿದರೆ ಇಪ್ಪತ್ತು ಬೋರು. ಅಂದರೆ ಬೋರು ಹೇಳುವುದು ನಳಿಗೆಯ ಅಗಲ ಮಾತ್ರ. ಎಷ್ಟು ಒದೆಯುತ್ತದೆ ಅನ್ನುವುದು ತೋಟಾದ ಪೆಟ್ಟಿಗೆಯ ಮೇಲೆ ಗ್ರಾಂ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಎಲ್‌ಐಸಿ ಪಾಲಿಸಿಯ ಹಿಂದಿನ ಸಣ್ಣ ಅಕ್ಷರವನ್ನಾದರೂ ನಮ್ಮವರು ಓದುತ್ತಾರೆ, ಆ ಪೆಟ್ಟಿಗೆಯನ್ನು ಓದುವುದಿಲ್ಲ.

'ಪಟಾಕಿ ತೋಟಾ' ಅಂತ ಹೀಯಾಳಿಸುವವರಿಗೆ ಒಂದು ಸುದ್ದಿ. ಒಲಿಂಪಿಕ್ಸಿನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ 24 ಗ್ರಾಂಗಿಂತ ಭಾರದ ತೋಟಾಕ್ಕೆ ಜಾಗವೇ ಇಲ್ಲ. ಕೂದಲೆಳೆಯಷ್ಟು, ಅರ್ಧ ಗ್ರಾಂ, ಹೆಚ್ಚುಕಮ್ಮಿ ಬಿಡುತ್ತಾರೆ ಅಷ್ಟೆ. ಚರೆಯ ದಪ್ಪ 2.6 ಮಿಲಿಮೀಟರು ಮೀರುವಂತಿಲ್ಲ. 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದದ್ದು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ನಮ್ಮ ಗಂಡಸರ ಟ್ರ್ಯಾಪ್ ತಂಡ ಚಿನ್ನ, ಹೆಂಗಸರ ತಂಡ ಬೆಳ್ಳಿ ತಂದದ್ದು, ಎಲ್ಲ ಈ ತೂಕದ ತೋಟಾಗಳಲ್ಲೇ. ಫೌಜಿನ ಅಧಿಕಾರಿ ರಾಥೋಡರ ಹೆಗಲಿಗೆ 24 ಸಾಕು. ಐದನೇ ಕ್ಲಾಸಿನ ಹುಡುಗಿಯ ಹೆಗಲಿಗೆ 32 ಬೇಕಂತೆ!

ಮೊಮ್ಮಗಳು ಊರಿಂದ ಬಂದ ಮೇಲೆ ಕೋವಿಯ ಮಾತೇ ಎತ್ತಲಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ಹೋಗೋಣವಾ ಅಂದರೆ ಪರೀಕ್ಷೆ ಇದೆ ಅಂದಳು. ಸೆಪ್ಟೆಂಬರಿನಲ್ಲಿ ಯಾವ ಪರೀಕ್ಷೆ ಅಂತ ನಾನು ಕೇಳಲಿಲ್ಲ. ಹೊರಗೆ ಬೆಳೆದ ಮಕ್ಕಳು ಊರಿಗೆ ಯಾಕೆ ಬರುವುದಿಲ್ಲ, ನಮ್ಮ ಸಂಸ್ಕೃತಿ ಯಾಕೆ ಬೇಡವಾಯಿತು ಅಂತ ನೀವು ಪತ್ರಿಕೆಗಳಲ್ಲಿ ಬರೆಯುತ್ತೀರಿ, ಸಮ್ಮೇಳನಗಳಲ್ಲಿ ಮಾತಾಡುತ್ತೀರಿ. ಆ ಮಕ್ಕಳು ಬಂದ ಹತ್ತು ದಿನದಲ್ಲಿ ನೀವು ಏನು ಮಾಡುತ್ತೀರಿ ಅಂತ ಸ್ವಲ್ಪ ನೋಡಿಕೊಳ್ಳಿ. ಕಾರ ತಿನ್ನಿಸಿ ಕಣ್ಣೀರು ಬಂದರೆ ನಗುತ್ತೀರಿ. ತಪ್ಪು ಕನ್ನಡ ಮಾತಾಡಿದರೆ ಅದನ್ನೇ ಮತ್ತೆ ಹೇಳಿಸಿ ನಗುತ್ತೀರಿ. ಕೊಡಗಾದರೆ ಕೋವಿ ಕೊಟ್ಟು ನಗುತ್ತೀರಿ. ಬರುವ ಮಕ್ಕಳಿಗೆಲ್ಲ ಪ್ರವೇಶ ಪರೀಕ್ಷೆ, ಪ್ರಶ್ನೆಪತ್ರಿಕೆ ಫೇಲು ಮಾಡಿಸುವುದಕ್ಕೇ ತಯಾರಾದದ್ದು.

2023ರ ಚಳಿಗಾಲದಲ್ಲಿ, ಅವಳಿಗೆ ಹನ್ನೆರಡು ತುಂಬಿದ ಮೇಲೆ, ನಾನು ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿಗೆ ಅವಳನ್ನು ಸುಮ್ಮನೆ ನೋಡಲು ಅಂತ ಕರೆದುಕೊಂಡು ಹೋದೆ. 1982ರ ಏಷ್ಯಾಡಿಗೆ ಕಟ್ಟಿದ್ದು ಅದು. ಕರ್ಣಿ ಸಿಂಗ್ ಬಿಕಾನೇರಿನ ಮಹಾರಾಜರು, 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದವರು. ಹನ್ನೆರಡು ಯಾಕೆ ಅಂದರೆ, ಲೈಸೆನ್ಸಿಗೆ ಇಪ್ಪತ್ತೊಂದು ವರ್ಷ ಆಗಬೇಕು, ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳು ಹನ್ನೆರಡು ತುಂಬಿದ ಮಕ್ಕಳಿಗೆ ಕಿರಿಯ ಗುರಿಕಾರರಾಗಿ ತರಬೇತಿ ಪಡೆಯಲು ದಾರಿ ಮಾಡಿವೆ. ಊರಿನ ಮೈದಾನದಲ್ಲಿ ಹನ್ನೊಂದಕ್ಕೆ ಕೊಟ್ಟಾಗ ನಾವು ಯಾವ ನಿಯಮವನ್ನೂ ನೆನೆಸಿಕೊಂಡಿರಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಎರಡು ಗಂಟೆ ಕೂತಳು. ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆ, 110 ಮಿಲಿಮೀಟರು ಅಗಲ, ನೂರಾ ಐದು ಗ್ರಾಂ ತೂಕ, ಹಳ್ಳದಿಂದ ಚಿಮ್ಮಿ ಹೋಗುತ್ತದೆ. ಢಂ ಅಂದ ಕೂಡಲೆ ಗಾಳಿಯಲ್ಲಿ ಪುಡಿ. ಅವಳಿಗಿಂತ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ಒಂದಾದ ಮೇಲೊಂದು ಒಡೆಯುತ್ತಿದ್ದಳು. ಹಿಂದಕ್ಕೆ ಒಂದು ಅಂಗುಲವೂ ಹೋಗಲಿಲ್ಲ. 'ಅವಳಿಗೆ ಯಾಕೆ ಒದೆಯಲ್ಲ?' ಅಂತ ಕೇಳಿದಳು. ಒಂದೂಕಾಲು ವರ್ಷದಲ್ಲಿ ಕೋವಿಯ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ.

ಕಲಿಸಿದವರು ಪಂಜಾಬಿನ ಕಡೆಯವರು, ಹೆಸರು ಬೇಡ. ಅವರು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಊರಿನಲ್ಲಿ ಯಾರಾದರೂ ಹೀಗೆ ಮಾಡಲಿ ಅನ್ನುವ ಆಸೆಯಿಂದಲೇ. ಮೊದಲ ಮೂರು ವಾರ ಒಂದೂ ಈಡು ಇಲ್ಲ. ಖಾಲಿ ಕೋವಿಯನ್ನು ಹೆಗಲಿಗೆ ಏರಿಸುವುದು, ಇಳಿಸುವುದು. ಕೋವಿ ಮಡಿಸಿ ನಳಿಗೆ ಖಾಲಿ ಅಂತ ತೋರಿಸದೆ ಯಾರ ಕೈಗೂ ಕೊಡುವಂತಿಲ್ಲ, ಅಜ್ಜನ ಕೈಗೂ. ಹಿಂಬದಿಯ ಮರ ಗಿಡ್ಡ ಇರುವ ಕೋವಿ ಹುಡುಕಿ ತಂದರು, ಹೆಗಲಿನ ಗುಳಿಯಲ್ಲಿ ಸರಿಯಾಗಿ ಕೂತು, ಕೆನ್ನೆ ಮರಕ್ಕೆ ಅಂಟಿ ನಿಲ್ಲುವ ಹಾಗೆ. ಎಡಗಾಲು ಮುಂದೆ, ಮೈ ಮುಂದಕ್ಕೆ, ಮೂಗು ಕಾಲ್ಬೆರಳಿಗಿಂತ ಮುಂದೆ ಇರಬೇಕು. ಕೋವಿ ಭಾರದ್ದೇ, ಮೂರೂವರೆ ಕಿಲೋ. ಅದಕ್ಕಾಗಿ ಮನೆಯಲ್ಲಿ ನೀರಿನ ಬಾಟಲಿ ಹಿಡಿದು ಕೈ ಚಾಚುವ ವ್ಯಾಯಾಮ. ತೋಳು ನಡುಗಲು ಶುರುವಾದರೆ ಅವತ್ತಿನ ಪಾಠ ಮುಗಿಯಿತು.

ನಾಲ್ಕನೇ ವಾರ ತೋಟಾ ತೆಗೆದರು. ಹೊರದೇಶದಿಂದ ಬಂದ 21 ಗ್ರಾಂನದು. ಅದನ್ನು ಅವಳ ಅಂಗೈ ಮೇಲೆ ಇಟ್ಟು, ಇನ್ನೊಂದು ಅಂಗೈ ಮೇಲೆ ಮಾಮೂಲಿ ತೋಟಾ ಇಟ್ಟು, ಯಾವುದು ಭಾರ ಹೇಳು ಅಂದರು. ಆಮೇಲೆ ತಾವು ಮೊದಲು ಹೊಡೆದು ತೋರಿಸಿದರು, ಹೆಗಲು ಅಲ್ಲಾಡುವುದನ್ನು ಅವಳು ಕೈಯಿಟ್ಟು ನೋಡುವ ಹಾಗೆ. ಕಿವಿಗೆ ಎರಡು ಪದರ, ಒಳಗೆ ಬಿರಡೆ, ಮೇಲೆ ದಪ್ಪ ಕವಚ. ಯಾಕೆಂದರೆ ತೋಟಾ ಮೆತ್ತಗಾದರೂ ಸದ್ದು ಅಷ್ಟೇನೂ ಮೆತ್ತಗಾಗುವುದಿಲ್ಲ, ಹನ್ನೆರಡು ಬೋರಿನ ಸದ್ದು 150 ಡೆಸಿಬಲ್ ದಾಟುವಂಥದ್ದು. ಮಕ್ಕಳು ಬೆಚ್ಚುವುದು ಅರ್ಧ ಏಟಿಗೆ, ಅರ್ಧ ಸದ್ದಿಗೆ. ಕಣ್ಣಿಗೆ ಕನ್ನಡಕ. ನಳಿಗೆಯಲ್ಲಿ ಒಂದೇ ತೋಟಾ, ಎರಡು ಹಾಕುವಂತೆಯೇ ಇಲ್ಲ. ತಟ್ಟೆ ನೇರ ಮುಂದಕ್ಕೆ, ನಿಧಾನವಾಗಿ ಹೋಗುವ ಹಾಗೆ ಬಿಟ್ಟರು. ಸುತ್ತ ಯಾರೂ ಇಲ್ಲ, ಮೊಬೈಲು ಹಿಡಿದವರಂತೂ ಇಲ್ಲವೇ ಇಲ್ಲ. ನನ್ನನ್ನು ಇಪ್ಪತ್ತು ಗಜ ಹಿಂದೆ ನಿಲ್ಲಿಸಿದರು.

ಮೊದಲನೆಯದು ತಪ್ಪಿತು. ಅವಳು ಕೋವಿ ಇಳಿಸಿ, ಹೆಗಲು ಮುಟ್ಟಿ ನೋಡಿಕೊಂಡು, ತಿರುಗಿ ನನ್ನನ್ನು ನೋಡಿದಳು. 'ಇಷ್ಟೇನಾ?' ಅನ್ನುವ ಮುಖ. ಮೂರನೆಯದು ಒಡೆಯಿತು. ಐದಕ್ಕೆ ನಿಲ್ಲಿಸಿದರು, ಇನ್ನೊಂದು ಅಂತ ಎಷ್ಟು ಬೇಡಿದರೂ ಕೊಡಲಿಲ್ಲ. ಆಸೆ ಉಳಿದಿರುವಾಗಲೇ ಕೋವಿ ಒಳಗಿಡಬೇಕಂತೆ. ಈಗ 24 ಗ್ರಾಂನದನ್ನು ಹೊಡೆಯುತ್ತಾಳೆ. ನಡುನಡುವೆ ಹೇಳದೆ ಖಾಲಿ ತೋಟಾ ಹಾಕಿ ಪರೀಕ್ಷೆ ಮಾಡುತ್ತಾರೆ. ಅವಳ ಕೋವಿಯ ಮೂತಿ ಅಲ್ಲಾಡುವುದಿಲ್ಲ. ಕಣ್ಣು ತೆರೆದೇ ಇರುತ್ತದೆ. ಅದನ್ನು ನೋಡಿದ ದಿನ ನಾನು ಕಾರಿನಲ್ಲಿ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇಲ್ಲಿ ದೆಹಲಿಯ ಸ್ನೇಹಿತರ ಆಕ್ಷೇಪ ಬೇರೆ ದಿಕ್ಕಿನದು. ಮಗುವಿನ ಕೈಗೆ ಕೋವಿ ಯಾಕೆ, ವೀಣೆ ಕಲಿಸಿ, ಬ್ಯಾಡ್ಮಿಂಟನ್ ಆಡಿಸಿ ಅಂತಾರೆ. ಕರ್ನಾಟಕದ ಬಯಲುಸೀಮೆಯ ಓದುಗರೂ ಇಷ್ಟು ಹೊತ್ತಿಗೆ ಹಾಗೇ ಅಂದುಕೊಂಡಿರಬಹುದು. ಅವರಿಗೆ ನನ್ನ ಉತ್ತರ ಚಿಕ್ಕದು. ಕೋವಿ ಇಲ್ಲದ ಮನೆಯಲ್ಲಿ ಕೋವಿ ಕಲಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅದು ಇದೆ, ದೇವರ ಕೋಣೆಯಲ್ಲೇ ಇದೆ. ಬಾವಿ ಇರುವ ಮನೆಯ ಮಕ್ಕಳಿಗೆ ಈಜು ಕಲಿಸುವ ಹಾಗೆ ಇದು. ಮೆತ್ತನೆಯ ತೋಟಾವೂ ಕೊಲ್ಲುತ್ತದೆ, ಹೆಗಲಿಗೆ ಮಾತ್ರ ಅದು ಮೆತ್ತಗೆ, ನಳಿಗೆಯ ಆಚೆ ತುದಿಯಲ್ಲಿ ಅಲ್ಲ. ಅದನ್ನು ಅವಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ, ನಮ್ಮ ಮೈದಾನದಲ್ಲಿ ಯಾರೂ ಹೇಳಿರಲಿಲ್ಲ.

ಊರಿನವರಿಗೆ ಹಕ್ಕಿನ ಮಾತು ಬಹಳ ಇಷ್ಟ. 1861ರಿಂದ ಬಂದ ವಿನಾಯಿತಿ ನಮ್ಮದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸು ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಯಾರೋ ಹೈಕೋರ್ಟಿಗೆ ಹೋದರು, 2021ರಲ್ಲಿ ಕೋರ್ಟೂ ಎತ್ತಿಹಿಡಿಯಿತು. ಜಿಲ್ಲೆಯ ಹೊರಗಿದ್ದರೂ ಒಂದು ರೈಫಲು, ಅದಕ್ಕೆ ನೂರು ಗುಂಡು, ಒಂದು ನಯನಳಿಗೆಯ ಕೋವಿ, ಅದಕ್ಕೆ ಐನೂರು ತೋಟಾ ಇಟ್ಟುಕೊಳ್ಳಲು ಆ ವಿನಾಯಿತಿ ಬಿಡುತ್ತದೆ. ಐನೂರು ಅನ್ನುವುದು ನಮ್ಮ ಪ್ರತಿ ಮನೆಯಲ್ಲೂ ಬಾಯಿಪಾಠ. ಆ ಐನೂರರಲ್ಲಿ ಮಕ್ಕಳಿಗೆ ಅಂತ ಇಪ್ಪತ್ತೈದು ಮೆತ್ತನೆಯವು ಎಷ್ಟು ಮನೆಯಲ್ಲಿವೆ ಸ್ವಾಮಿ? ಸಿಗುವುದಿಲ್ಲ ಅಂತೀರಿ. ನಮ್ಮಂಥ ಗಿರಾಕಿಗಳು ಕೇಳದೆ ಅಂಗಡಿಯವನು ಯಾಕೆ ತರಿಸುತ್ತಾನೆ? ದೇಶದೊಳಗೇ, ಪುಣೆಯ ಖಡ್ಕಿ ಕಾರ್ಖಾನೆಯಲ್ಲಿ ಹನ್ನೆರಡು ಬೋರಿನ ತೋಟಾ ಮಾಡುತ್ತಾರೆ. ತೋಕ್ ಪೂಜೆಗೆ, ಪಂದ್ಯಕ್ಕೆ, ಹಕ್ಕಿನ ಮೆರವಣಿಗೆಗೆ ಇಷ್ಟು ಸಂಘಗಳಿವೆ, ಒಂದು ಸಂಘವಾದರೂ ಮಕ್ಕಳಿಗೆ ಹಗುರ ತೋಟಾ ಬೇಕು ಅಂತ ಒಂದು ಅರ್ಜಿ ಬರೆಯಬಾರದಾ? ಪಂದ್ಯದಲ್ಲಿ ಮಕ್ಕಳಿಗೆ ಬೇರೆ ಸಾಲು, ಗಿಡ್ಡ ಮರದ ಒಂದು ಕೋವಿ, ಹತ್ತು ಜೊತೆ ಕಿವಿ ಕವಚ. ಬಹುಮಾನದ ಊಟದ ಖರ್ಚಿನಲ್ಲಿ ಒಂದು ಹಂದಿ ಕಡಿಮೆ ಮಾಡಿದರೆ ಆಗಿಹೋಗುತ್ತದೆ.

ಅಣ್ಣನ ಜೊತೆ ಈ ವಾದ ಎರಡು ವರ್ಷದಿಂದ ಫೋನಿನಲ್ಲಿ ನಡೆದಿದೆ. ಅವನಿಗೆ ಎಪ್ಪತ್ತೆರಡು. ಫೋನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಾನೆ. ಎಡಗಿವಿ ಕೇಳಿಸದೆ ಬಹಳ ವರ್ಷ ಆಯಿತು. ವಯಸ್ಸಿನದು ಅನ್ನುತ್ತಾನೆ. ಬಲ ಹೆಗಲಿಗೆ ಕೋವಿ ಇಟ್ಟು ಹೊಡೆಯುವವರ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ, ಬಲಗಿವಿ ತಲೆಯ ನೆರಳಿನಲ್ಲಿ, ಆದ್ದರಿಂದ ಎಡಗಿವಿಯೇ ಮೊದಲು ಹೋಗುವುದು ಅಂತ ನಾನು ಹೇಳಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಅಪ್ಪನಿಗೂ ಎಡಗಿವಿಯೇ ಅಲ್ಲವಾ ಕೇಳಿಸದೆ ಇದ್ದದ್ದು?' ಅಂದ. ನನಗೆ ಅದು ಮರೆತೇ ಹೋಗಿತ್ತು.

ಈ ಸಲದ ಹಬ್ಬಕ್ಕೆ ಬರುತ್ತೀರಾ ಅಂತ ಕೇಳಲು ಹೋದ ತಿಂಗಳು ಮತ್ತೆ ಫೋನು ಮಾಡಿದ. ಅವಳನ್ನು ಕೇಳಿ ಹೇಳುತ್ತೇನೆ ಅಂದೆ. ಅವಳು ಪಕ್ಕದಲ್ಲೇ ಇದ್ದಳು, ಬರುತ್ತೇನೆ, ಆದರೆ ಆ ಕೋವಿ ಮುಟ್ಟಲ್ಲ ಅಂದಳು. ಅಣ್ಣನಿಗೆ ಅದು ಕೇಳಿಸಿತೋ ಇಲ್ಲವೋ. ಅಲಮಾರಿಯ ಬಾಗಿಲು ಕಿರುಗುಟ್ಟಿದ ಸದ್ದು ಬಂತು, ಕನ್ನಡಕ ಎಲ್ಲಿ ಅಂತ ಅತ್ತಿಗೆಯನ್ನು ಕೂಗಿದ.

'ಪೆಟ್ಟಿಗೆ ಮೇಲೆ ಮೂವತ್ತೆರಡು ಅಂತ ಉಂಟು,' ಅಂದ. 'ನೀನು ಹೇಳಿದ್ದು ಇದನ್ನೇನಾ?'

'ಅದೇ ಅಣ್ಣ.'

'ಇಪ್ಪತ್ತೊಂದರದು ಮಡಿಕೇರಿಯಲ್ಲಿ ಕೇಳಿದರೆ ಸಿಕ್ಕೀತಾ?'

'ಕೇಳಿ ನೋಡು,' ಅಂದೆ. 'ಸಿಗದಿದ್ದರೆ ತರಿಸಿಕೊಡು ಅಂತ ಬರೆಸಿ ಬಾ.'